ಕಿರಿಯರ ಟಿಕ್ಕು, ಹಿರಿಯರ ರುಜು

ಲೆಕ್ಕಪರಿಶೋಧನೆ ಎಂಬ ಮಾತು ಕಿವಿಗೆ ಬಿದ್ದೊಡನೆ, ಅದು ವಾಣಿಜ್ಯ ವಿಭಾಗದವರ ಗೊಡವೆ, ನಮಗೇಕೆ ಎಂದು ಪುಟ ತಿರುವಿಬಿಡುವುದು ನಮ್ಮಂಥ ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಸಹಜ. ಕಳೆದ ಬೇಸಗೆಯ ರಜೆಯವರೆಗೆ ನಾನೂ ಆ ಗುಂಪಿಗೇ ಸೇರಿದವನಾಗಿದ್ದೆ. ನನ್ನ ತಾಯಿ ಸಂತೆಬೀದಿಯಲ್ಲಿ ಸೊಪ್ಪು ಮಾರುತ್ತಾಳೆ. ಪ್ರತಿದಿನ ಸಂಜೆ ಪಿಗ್ಮಿ ಹಣ ಎತ್ತುವವರ ಕೈಗೆ ಇಪ್ಪತ್ತು ರೂಪಾಯಿ ಕೊಟ್ಟು ಚೀಟಿ ಪಡೆಯುತ್ತಾಳೆ. ಚೀಟಿಯಲ್ಲಿ ಏನಿದೆಯೆಂದು ಓದಲು ಅವಳಿಗೆ ಬಾರದು. ನನ್ನ ಮೂರು ವರ್ಷದ ಪುಸ್ತಕ, ಬಸ್ಸಿನ ಪಾಸು, ಪರೀಕ್ಷೆಯ ಶುಲ್ಕ ಎಲ್ಲವೂ ಬಂದದ್ದು ಆ ಇಪ್ಪತ್ತು ರೂಪಾಯಿಗಳಿಂದ. ಆ ಹಣ ಭದ್ರವಾಗಿದೆಯೆಂದು ಅವಳಿಗೆ ಭರವಸೆ ಕೊಡುವವರು ಯಾರು? ವಾರ್ಷಿಕ ಮಹಾಸಭೆಯಲ್ಲಿ ಹಂಚುವ ಅಢಾವೆ ಪತ್ರಿಕೆಯ ಕೆಳಗಿರುವ ಒಂದು ರುಜು, ಅಷ್ಟೆ. ಆ ರುಜುವಿನ ಹಿಂದೆ ಎಂಥ ದುಡಿಮೆ ಇದೆ, ಎಂಥ ಮನಸ್ತಾಪವಿದೆ ಎಂಬುದನ್ನು ಹತ್ತಿರದಿಂದ ಕಾಣುವ ಸಂದರ್ಭ ನನಗೆ ಒದಗಿತು. ಅದನ್ನು ವಿದ್ಯಾರ್ಥಿಮಿತ್ರರಿಗೆ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ.

ವಿಷಯ ನಮಗೆ ದೂರದ್ದೇನೂ ಅಲ್ಲ. 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ರೈತರ ಸಹಕಾರ ಸಂಘ ಹುಟ್ಟಿತು. ಪಿಗ್ಮಿ ಠೇವಣಿಯೂ ನಮ್ಮ ನಾಡಿನ ಕೊಡುಗೆಯೇ. 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಮನೆಬಾಗಿಲಿಗೆ ಹೋಗಿ ಎರಡೆರಡು ಆಣೆ ಸಂಗ್ರಹಿಸತೊಡಗಿತು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಹೀಗೆ ಬಡವರ ಕಾಸು ಸಂಘ ಸಂಸ್ಥೆಗಳಿಗೆ ಸೇರಿದಂದಿನಿಂದ, ಆ ಕಾಸಿನ ಲೆಕ್ಕವನ್ನು ಹೊರಗಿನವರೊಬ್ಬರು ನೋಡಬೇಕೆಂಬ ಅಗತ್ಯವೂ ಬೆಳೆಯುತ್ತ ಬಂದಿದೆ.

‘ಆಡಿಟ್’ ಎಂಬ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅದಕ್ಕೆ ಅಲ್ಲಿ ‘ಕೇಳು’ ಎಂದು ಅರ್ಥ. ಹಿಂದೆ ಯುರೋಪಿನಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅಧಿಕಾರಿಯಾದವನು ಕುಳಿತು ಕೇಳಿ ಒಪ್ಪುತ್ತಿದ್ದನು. ಆದುದರಿಂದ ಆಡಿಟರ್ ಎಂದರೆ ಕೇಳುವವನು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ಕೋರುತ್ತೇನೆ. ಕೊನೆಯಲ್ಲಿ ಇಲ್ಲಿಗೇ ಮರಳಿ ಬರುವುದಿದೆ.

ಈಗ ಲೆಕ್ಕಪರಿಶೋಧಕರ ಕಚೇರಿಯ ಏಣಿಯನ್ನು ನೋಡೋಣ. ನಮ್ಮ ದೇಶದಲ್ಲಿ ಈ ವೃತ್ತಿಯನ್ನು ನಡೆಸುವ ಸಂಸ್ಥೆ 1949ರ ಕಾಯಿದೆಯಂತೆ ಸ್ಥಾಪನೆಯಾದ ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ. ಕಚೇರಿಯ ಮೇಲ್ತುದಿಯಲ್ಲಿ ಪಾಲುದಾರರು. ವರದಿಗೆ ಸಹಿ ಮಾಡುವವರು ಇವರು. ಇವರ ಕೆಳಗೆ ಹಿರಿಯ ಸಹಾಯಕರು. ಇವರಲ್ಲಿ ಪರೀಕ್ಷೆ ಮುಗಿಸಿದವರೂ ಉಂಟು, ಒಂದೆರಡು ಭಾಗ ಉಳಿಸಿಕೊಂಡವರೂ ಉಂಟು. ಕೆಳಗಿನ ಮೆಟ್ಟಿಲಲ್ಲಿ ಆರ್ಟಿಕಲ್ ಸಹಾಯಕರು, ಅಂದರೆ ಪರೀಕ್ಷೆಯ ನಡುವೆ ಕಡ್ಡಾಯ ತರಬೇತಿಗೆ ಬಂದಿರುವ ಇಪ್ಪತ್ತು, ಇಪ್ಪತ್ತೊಂದರ ಹುಡುಗ ಹುಡುಗಿಯರು. ಈ ತರಬೇತಿ ಮೊದಲು ಮೂರು ವರ್ಷವಿತ್ತು. 2023ರಲ್ಲಿ ಜಾರಿಗೆ ಬಂದ ಹೊಸ ಯೋಜನೆಯಂತೆ ಎರಡು ವರ್ಷಕ್ಕೆ ಇಳಿದಿದೆ. ನಿಯಮದಲ್ಲಿ ಇವರ ಸಾಮಾನ್ಯ ಕೆಲಸದ ಅವಧಿ ವಾರಕ್ಕೆ 35 ಗಂಟೆ. ಇವರಿಗೆ ಸಿಗುವುದು ಸಂಬಳವಲ್ಲ, ಸ್ಟೈಪೆಂಡು.

ಕೆಲಸ ಹರಿಯುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸಂಘವೊಂದು ವರ್ಷದಲ್ಲಿ ನೂರಾರು ಸಾಲ ಕೊಟ್ಟಿದೆ. ಎಲ್ಲವನ್ನೂ ನೋಡುವುದು ಅಸಾಧ್ಯ. ಹಿರಿಯರು ಇಂತಿಷ್ಟನ್ನು ಆರಿಸುತ್ತಾರೆ. ಕಿರಿಯರು ಒಂದೊಂದು ಕಡತವನ್ನೂ ಬಿಚ್ಚಿ, ಅರ್ಜಿ ಇದೆಯೇ, ಆಡಳಿತ ಮಂಡಳಿಯ ಠರಾವು ಇದೆಯೇ, ಜಾಮೀನುದಾರರ ಸಹಿ ಇದೆಯೇ, ವೋಚರಿನ ಮೊತ್ತವೂ ಕಿರ್ದಿಯ ಮೊತ್ತವೂ ತಾಳೆಯಾಗುತ್ತವೆಯೇ ಎಂದು ನೋಡಿ ಬಣ್ಣದ ಪೆನ್ಸಿಲಿನಿಂದ ಟಿಕ್ಕು ಹಾಕುತ್ತಾರೆ. ಬಳಿಕ ಕಾರ್ಯಪತ್ರ ಎಂಬ ಹಾಳೆಯಲ್ಲಿ ತಾವು ಏನು ನೋಡಿದೆವೆಂದು ಬರೆಯುತ್ತಾರೆ. ಹಿರಿಯರು ಅದನ್ನು ಪರಿಶೀಲಿಸಿ ಪಕ್ಕದಲ್ಲಿ ಚಿಕ್ಕ ರುಜು ಹಾಕುತ್ತಾರೆ. ಆ ರುಜುವನ್ನು ನಂಬಿ ಪಾಲುದಾರರು ವರದಿಗೆ ಸಹಿ ಮಾಡುತ್ತಾರೆ. ಯಾರು ಯಾವ ದಿನ ನೋಡಿದರು, ಯಾರು ಪರಿಶೀಲಿಸಿದರು ಎಂಬುದು ಕಾಗದದ ಮೇಲಿರಬೇಕೆಂದು ಸಂಸ್ಥೆಯ 230ನೆಯ ಪರಿಶೋಧನಾ ಮಾನಕ ವಿಧಿಸುತ್ತದೆ. ಹೀಗೆ ಇಡೀ ಗೋಪುರ ನಿಂತಿರುವುದು ತಳದ ಟಿಕ್ಕಿನ ಮೇಲೆ. ಅದನ್ನು ಹಾಕಿದ ಕೈಗೆ ಮನೆಯಲ್ಲಿ ಇನ್ನೂ ಮದುವೆಯ ವಯಸ್ಸೂ ಬಂದಿರುವುದಿಲ್ಲ!

ನಮ್ಮ ಬೀದಿಯ ದರ್ಜಿಯವರ ಮಗಳು ಜಿಲ್ಲಾಕೇಂದ್ರದ ಒಂದು ಕಚೇರಿಯಲ್ಲಿ ಆರ್ಟಿಕಲ್ ಸಹಾಯಕಿ. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಕಚೇರಿಯಲ್ಲಿ ಜನ ಸಾಲದೆ ಬಂದಾಗ, ಕಟ್ಟುಗಳನ್ನು ಎತ್ತಿಡಲು, ಅಂಕಿ ಓದಿ ಹೇಳಲು ಒಬ್ಬ ಹುಡುಗ ಬೇಕೆಂದು ಅವರೇ ನನ್ನನ್ನು ಕರೆದೊಯ್ದರು. ಊರಿನ ಒಂದು ಪತ್ತಿನ ಸಹಕಾರ ಸಂಘದ ತಪಾಸಣೆ ಅದು. ನೋಡಬೇಕಾದ ಸಾಲದ ಕಡತಗಳು 60. ಕೊಟ್ಟಿದ್ದ ಕಾಲ ಮೂರು ದಿನ. ಸಂಘದ ಕಾರ್ಯದರ್ಶಿಗಳು ಬೀರುವಿನ ಬೀಗದ ಕೈ ಹುಡುಕಿ ಕಡತ ಹೊರಗೆ ತೆಗೆಯುವ ವೇಳೆಗೆ ಒಂದೂವರೆ ದಿನ ಕಳೆದಿತ್ತು. ನಾನು ವೋಚರಿನಿಂದ ಗಟ್ಟಿಯಾಗಿ ಓದುತ್ತಿದ್ದೆ, ಅಕ್ಕ ಕೇಳಿ ಕಿರ್ದಿಯಲ್ಲಿ ಗುರುತು ಹಾಕುತ್ತಿದ್ದರು. ಮೂರನೆಯ ದಿನ ಮಧ್ಯಾಹ್ನಕ್ಕೆ ಮುಗಿದದ್ದು 34.

ಅಕ್ಕ ಗಡಿಯಾರ ನೋಡಿದರು. ಊರಿಗೆ ಕೊನೆಯ ಬಸ್ಸು ಎಂಟು ಗಂಟೆಗೆ. “ಸಂಜೆ ಸರ್ ಬರ್ತಾರೆ. ಮುಗಿದಿಲ್ಲ ಅಂದ್ರೆ ನನ್ನ ಕಥೆ ಮುಗೀತು. ನೀನೂ ಒಂದು ಪೆನ್ಸಿಲ್ ತಗೋ, ಮೇಲುಮೇಲೆ ನೋಡಿ ಹಾಕ್ತಾ ಹೋಗು” ಎಂದರು. ನನಗೆ ಆ ಕೆಲಸಕ್ಕೆ ಯಾವ ಅರ್ಹತೆಯೂ ಇರಲಿಲ್ಲ. ಆದರೂ ತೆಗೆದುಕೊಂಡೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ: ಒಂಬತ್ತು ಕಡತಗಳಿಗೆ ದಾರವನ್ನೂ ಬಿಚ್ಚದೆ ಟಿಕ್ಕು ಹಾಕಿದೆ. ಟಿಕ್ಕು ಬಲು ಚೆನ್ನಾಗಿಯೇ ಬಿದ್ದಿತು. ನೋಡಿ ಹಾಕಿದ ಟಿಕ್ಕಿಗೂ ನೋಡದೆ ಹಾಕಿದ ಟಿಕ್ಕಿಗೂ ಆಕಾರದಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

ಇದನ್ನು ಒಬ್ಬ ಹುಡುಗಿಯ ಸೋಮಾರಿತನವೆಂದೋ ಒಬ್ಬ ಹುಡುಗನ ಮೋಸವೆಂದೋ ಹೇಳಿ ಮುಗಿಸಬಹುದು. ಆದರೆ ಕಾರಣಗಳನ್ನು ಹುಡುಕುವುದು ವಿದ್ಯಾವಂತನ ಕರ್ತವ್ಯ. ಕಾರಣಗಳಲ್ಲಿ ಮೊದಲನೆಯದು ಋತು. ರೈತನಿಗೆ ಸುಗ್ಗಿ ಇರುವಂತೆ ಲೆಕ್ಕಪರಿಶೋಧಕನಿಗೂ ಸುಗ್ಗಿ ಇದೆ. ಹಣಕಾಸಿನ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಏಪ್ರಿಲ್ ಮೊದಲ ವಾರಗಳಲ್ಲಿಯೇ ಬ್ಯಾಂಕುಗಳ ಶಾಖೆಗಳ ತಪಾಸಣೆ ನಡೆಯಬೇಕು. 90 ದಿನಕ್ಕೂ ಮೀರಿ ಕಂತು ಬಾರದ ಸಾಲವೆಷ್ಟು ಎಂಬುದನ್ನು ಆ ಕೆಲವೇ ದಿನಗಳಲ್ಲಿ ತೀರ್ಮಾನಿಸಬೇಕು. ಮತ್ತೆ ಸೆಪ್ಟೆಂಬರ್ 30 ಎಂಬ ಗಡುವು. ಕಂಪನಿಗಳ ವಾರ್ಷಿಕ ಸಭೆಗಳೂ ಆದಾಯ ತೆರಿಗೆಯ ಪರಿಶೋಧನಾ ವರದಿಗಳೂ ಸಾಮಾನ್ಯವಾಗಿ ಅದರ ಸುತ್ತಲೇ ಬಂದು ಬೀಳುತ್ತವೆ. ಸುಗ್ಗಿಗೆ ಕೂಲಿಯಾಳನ್ನು ಹೆಚ್ಚಿಸಬಹುದು. ಕಲಿತ ಕೈಗಳನ್ನು ಎರಡು ತಿಂಗಳ ಮಟ್ಟಿಗೆ ಎಲ್ಲಿಂದ ತರುವುದು? ಇದ್ದವರ ರಾತ್ರಿಗಳನ್ನೇ ತೆಗೆದುಕೊಳ್ಳುತ್ತಾರೆ.

ಎರಡನೆಯದು ಗಂಟೆಗಳ ಲೆಕ್ಕ. ಇದು ಹೊರಗಿನವರ ಕಣ್ಣಿಗೆ ಬೀಳದ ಸಂಗತಿ. ಒಂದು ಕೆಲಸಕ್ಕೆ ಇಂತಿಷ್ಟು ಗಂಟೆ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಏಕೆಂದರೆ ಕಕ್ಷಿದಾರರು ಕೊಡುವ ಶುಲ್ಕ ಮೊದಲೇ ನಿಗದಿಯಾಗಿರುತ್ತದೆ. 40 ಗಂಟೆ ಕೊಟ್ಟಿದ್ದಾರೆ, ನಿಜವಾಗಿ ಹಿಡಿದದ್ದು 55 ಗಂಟೆ ಎನ್ನೋಣ. 55 ಎಂದು ಬರೆದರೆ ತಾನು ದಡ್ಡನೆಂದು ತಿಳಿಯುತ್ತಾರೆಂಬ ಅಂಜಿಕೆಯಿಂದ ಕಿರಿಯನು 40 ಎಂದೇ ಬರೆಯುತ್ತಾನೆ. ಮಿಕ್ಕ 15 ಗಂಟೆಯನ್ನು ತಾನೇ ನುಂಗುತ್ತಾನೆ. ಇದರ ಫಲವೇನು? ಮುಂದಿನ ವರ್ಷ ಯೋಜನೆ ಮಾಡುವ ಹಿರಿಯರು ಹಳೆಯ ಹಾಳೆ ತೆಗೆದು, 40 ಸಾಕಾಗಿತ್ತಲ್ಲ, ಈ ಸಲ 38ರಲ್ಲಿ ಮುಗಿಸಿ ಎನ್ನುತ್ತಾರೆ. ಮುಂದೆ ಬರುವ ಹುಡುಗನಿಗೆ ಎರಡೇ ದಾರಿ. ಇನ್ನೂ ಹೆಚ್ಚು ಗಂಟೆ ನುಂಗಬೇಕು, ಇಲ್ಲವೇ ನೋಡದೆ ಟಿಕ್ಕು ಹಾಕಬೇಕು. ಇತರರ ಲೆಕ್ಕದಲ್ಲಿ ಸುಳ್ಳು ಹುಡುಕಲು ಹೊರಟವರು ತಮ್ಮ ಗಂಟೆಗಳ ಲೆಕ್ಕವನ್ನೇ ಸುಳ್ಳು ಬರೆಯುವಂತಾದದ್ದು ಈ ವೃತ್ತಿಯ ದೊಡ್ಡ ವಿಪರ್ಯಾಸ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಇಲ್ಲಿ ಪೂರ್ತಿ ಹೇಳಲಾಗದು. ಬೇಲಿ ಮೇಯುತ್ತಿಲ್ಲ, ಬೇಲಿಗೆ ನಿದ್ದೆ ಇಲ್ಲ.

ಮೂರನೆಯದು ಮಾತು. ಕಿರಿಯರಿಗೆ ಸಂಶಯ ಬಂದಾಗ ಕೇಳಬೇಕು. ಕೇಳಿದರೆ “ಇಷ್ಟೂ ಗೊತ್ತಿಲ್ಲವೇ, ಏನು ಓದಿದಿರಿ” ಎಂಬ ಉತ್ತರ. ಕೇಳದಿದ್ದರೆ “ಮೊದಲೇ ಏಕೆ ಕೇಳಲಿಲ್ಲ” ಎಂಬ ಗದರಿಕೆ. ನಮ್ಮಂಥವರ ಮನೆಗಳಿಂದ ಬಂದ ಮಕ್ಕಳಿಗೆ ಈ ಕಷ್ಟ ಇಮ್ಮಡಿ. ನಮ್ಮ ಮನೆಗಳಲ್ಲಿ ಕಚೇರಿಯ ನಡವಳಿಕೆ ಹೇಳಿಕೊಡುವವರು ಇಲ್ಲ. ಮೇಲಿನವರ ಮುಂದೆ ತಲೆ ತಗ್ಗಿಸಿ ನಿಲ್ಲುವುದನ್ನೇ ವಿನಯವೆಂದು ಕಲಿತು ಬಂದವರು ನಾವು. ಸಂಶಯ ಕೇಳುವುದು ಅವಿನಯವಲ್ಲ, ಅದೇ ಕೆಲಸ ಎಂಬುದು ತಿಳಿಯುವ ಹೊತ್ತಿಗೆ ವರ್ಷ ಕಳೆದಿರುತ್ತದೆ.

ಹಿರಿಯರ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆ ಕಚೇರಿಯ ಹಿರಿಯರನ್ನು ನಾನು ಕಂಡೆ. ವಯಸ್ಸು ಮೂವತ್ತರ ಆಸುಪಾಸು. ಒಂದೇ ವಾರದಲ್ಲಿ ಮೂರು ಕಡೆಯ ಕೆಲಸ ಅವರ ಹೆಗಲ ಮೇಲಿತ್ತು. ಮಧ್ಯಾಹ್ನದ ಊಟದ ಡಬ್ಬಿಯನ್ನು ಸಂಜೆ ಐದಕ್ಕೆ ಬಿಚ್ಚುತ್ತಿದ್ದರು. ಕೆಳಗಿನವರ ತಪ್ಪಿಗೆ ಮೇಲಿನವರಿಂದ ಬೈಸಿಕೊಳ್ಳುವವರು ಅವರೇ. ಪರಿಶೀಲನೆಗೆ ಅವರಿಗೆ ಸಿಗುವುದು ಎಲ್ಲರೂ ತಡಮಾಡಿ ಉಳಿಸಿದ ಕೊನೆಯ ಗಂಟೆ. ಜವಾಬ್ದಾರಿಯ ಭಾರವೂ ಈಚೆಗೆ ಹೆಚ್ಚಿದೆ. ಸಹಿಯಾದ ಪ್ರತಿ ಪತ್ರಕ್ಕೂ ಪ್ರತ್ಯೇಕ ಗುರುತಿನ ಸಂಖ್ಯೆ ಪಡೆಯುವುದು 2019ರಿಂದ ಕಡ್ಡಾಯವಾಗಿದೆ. ದೊಡ್ಡ ಕಂಪನಿಗಳ ಪರಿಶೋಧಕರ ಕಡತಗಳನ್ನು ತೆರೆದು ನೋಡಿ ದಂಡಿಸಬಲ್ಲ ರಾಷ್ಟ್ರೀಯ ಪ್ರಾಧಿಕಾರ 2018ರಲ್ಲಿ ರಚನೆಯಾಗಿದೆ. “ನಾವು ಆರ್ಟಿಕಲ್ ಆಗಿದ್ದಾಗ ರಾತ್ರಿ ಎರಡು ಗಂಟೆವರೆಗೂ ಕೂತಿರ್ತಿದ್ವಿ” ಎಂದು ಅವರು ಆಗಾಗ ಹೇಳುತ್ತಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಮ್ಮ ಹಿರಿಯರು ಹೇಳಿದ್ದು ಮನೆಗಷ್ಟೇ ಅಲ್ಲ. ತಾನು ಪಟ್ಟ ಕಷ್ಟವನ್ನೇ ಮುಂದಿನವರಿಗೆ ಪಾಠವೆಂದು ದಾಟಿಸುವ ಅತ್ತೆತನ ಕಚೇರಿಗಳಲ್ಲಿಯೂ ಇದೆ. ಆದರೆ ಆ ಅತ್ತೆಯೂ ಒಂದು ಕಾಲದ ಸೊಸೆಯೇ ಎಂಬುದನ್ನು ನಾವು ಮರೆಯಬಾರದು.

ಈ ಒಳಜಗಳದ ಬೆಲೆ ಕಚೇರಿಯ ನಾಲ್ಕು ಗೋಡೆಗಳೊಳಗೆ ತೀರುವುದಿಲ್ಲ. ಅಮೆರಿಕದಲ್ಲಿ ಪರಿಶೋಧಕರ ಹೊಣೆಗಾರಿಕೆಯನ್ನು ಕುರಿತು ನೇಮಕವಾದ ಕೊಹೆನ್ ಆಯೋಗವು 1978ರಷ್ಟು ಹಿಂದೆಯೇ, ಕಾಲದ ಒತ್ತಡವೇ ಕೆಲಸ ಕೆಡಲು ಒಂದು ಮುಖ್ಯ ಕಾರಣವೆಂದು ಎಚ್ಚರಿಸಿತ್ತು. ನಮ್ಮ ದೇಶದಲ್ಲಿ 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರು ತಪ್ಪೊಪ್ಪಿಕೊಂಡರು. ಪುಸ್ತಕದಲ್ಲಿ ತೋರಿಸಿದ್ದ 5,000 ಕೋಟಿ ರೂಪಾಯಿಗೂ ಮಿಕ್ಕ ನಗದು ಮತ್ತು ಬ್ಯಾಂಕ್ ಶಿಲ್ಕು ಇರಲೇ ಇಲ್ಲ. ಬ್ಯಾಂಕಿನಲ್ಲಿ ಇಷ್ಟು ಹಣವಿದೆಯೇ ಎಂದು ಪರಿಶೋಧಕರು ತಾವೇ ಬ್ಯಾಂಕಿಗೆ ಕಾಗದ ಬರೆದು, ಉತ್ತರವನ್ನು ತಾವೇ ನೇರವಾಗಿ ಪಡೆಯಬೇಕು. ಆ ಕಾಗದಗಳನ್ನು ಕಳಿಸುವ, ತರಿಸುವ ಕೆಲಸವನ್ನು ಕಂಪನಿಯ ಕೈಗೇ ಬಿಟ್ಟುಕೊಟ್ಟಿದ್ದರೆಂದು 2011ರಲ್ಲಿ ಅಮೆರಿಕದ ನಿಯಂತ್ರಕರು ಕಂಡುಕೊಂಡರು. ಇಂಥ ಕಾಗದ ಕಳಿಸುವುದನ್ನು ಕಚೇರಿಗಳಲ್ಲಿ ಸಾಮಾನ್ಯವಾಗಿ ಕಿರಿಯರಿಗೆ ವಹಿಸುತ್ತಾರೆ. ಅದು ಸಣ್ಣ ಕೆಲಸವೆಂದು ಎಣಿಕೆ. ಸಣ್ಣ ಕೆಲಸವೆಂಬುದು ಈ ವೃತ್ತಿಯಲ್ಲಿ ಇಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬೆಲೆ ಹಣದಲ್ಲಿ ಮಾತ್ರ ತೆರುವುದೂ ಅಲ್ಲ. 2024ರ ಜುಲೈಯಲ್ಲಿ ಪುಣೆಯಲ್ಲಿ ದೊಡ್ಡ ಸಂಸ್ಥೆಯೊಂದರ 26 ವರ್ಷದ ಲೆಕ್ಕಪರಿಶೋಧಕಿ, ಕೆಲಸಕ್ಕೆ ಸೇರಿದ ನಾಲ್ಕೇ ತಿಂಗಳಲ್ಲಿ ತೀರಿಕೊಂಡರು. ಮಿತಿಮೀರಿದ ಕೆಲಸವೇ ಮಗಳನ್ನು ಬಲಿ ತೆಗೆದುಕೊಂಡಿತೆಂದು ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಪತ್ರ ಸೆಪ್ಟೆಂಬರಿನಲ್ಲಿ ದೇಶವನ್ನೆಲ್ಲ ಕಲಕಿತು. ಸಂಸ್ಥೆಯವರು ಆ ಕಾರಣವನ್ನು ಒಪ್ಪಲಿಲ್ಲ. ಕೇಂದ್ರ ಕಾರ್ಮಿಕ ಸಚಿವಾಲಯ ದೂರನ್ನು ಕೈಗೆತ್ತಿಕೊಂಡಿತು. ವಾದ ಏನೇ ಇರಲಿ, ಮಗಳು ದೊಡ್ಡ ಪರೀಕ್ಷೆ ಗೆದ್ದಳೆಂದು ಬೀಗಿದ ಮನೆಯೊಂದು ಬರಿದಾಯಿತು. ಆ ಸುದ್ದಿಯ ದಿನ ನಮ್ಮ ಬೀದಿಯ ದರ್ಜಿಯವರು ಯಂತ್ರದ ಮುಂದೆ ಸುಮ್ಮನೆ ಕುಳಿತಿದ್ದುದನ್ನು ನಾನು ಕಂಡಿದ್ದೇನೆ. ಆಗ ಅವರ ಮಗಳು ತರಬೇತಿಗೆ ಸೇರುವ ಸಿದ್ಧತೆಯಲ್ಲಿದ್ದರು.

ಈಗ ಸಂಘದ ಕಚೇರಿಗೆ ಮರಳೋಣ. ಹತ್ತನೆಯ ಕಡತದ ದಾರ ತಾನಾಗಿಯೇ ಸಡಿಲಿ ಹಾಳೆಗಳು ಮೇಜಿನ ಮೇಲೆ ಹರಡಿದವು. ಐವತ್ತು ಸಾವಿರ ರೂಪಾಯಿ ಸಾಲ. ಸಾಲಗಾರರ ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು. ಜಾಮೀನುದಾರರ ಜಾಗ ಖಾಲಿ. ಆ ಹೆಬ್ಬೆಟ್ಟನ್ನು ನೋಡಿದ ಕೂಡಲೇ ನನ್ನ ಕೈ ನಿಂತಿತು. ನಮ್ಮ ತಾಯಿ ಒತ್ತುವ ಹೆಬ್ಬೆಟ್ಟೂ ಹೀಗೆಯೇ ಇರುತ್ತದೆ. ಯಾರೋ ಬರೆದ ಹಾಳೆಯ ಕೆಳಗೆ, ಯಾರನ್ನೋ ನಂಬಿ. ಅಷ್ಟರಲ್ಲಿ ಸರ್ ಬಂದರು. ಅಕ್ಕ ಕಣ್ಣಿನಲ್ಲಿಯೇ ಬೇಡವೆಂದರೂ ನಾನು ಕಡತವನ್ನು ಅವರ ಮುಂದಿಟ್ಟೆ.

“ಏನಮ್ಮಾ ಇದು, ಮೊದಲೇ ಯಾಕೆ ಹೇಳ್ಲಿಲ್ಲ?” ಎಂದು ಸರ್ ಅಕ್ಕನನ್ನು ಗದರಿದರು. ಅಕ್ಕ ತಲೆ ತಗ್ಗಿಸಿಯೇ, “ಮೊನ್ನೆ ಕೇಳಿದ್ದಕ್ಕೆ ಇಷ್ಟೂ ಗೊತ್ತಾಗಲ್ವಾ ಅಂದ್ರಿ ಸರ್” ಎಂದರು. ಕೋಣೆಯಲ್ಲಿ ಫ್ಯಾನು ತಿರುಗುವ ಸದ್ದು ಮಾತ್ರ. ನಾನು ಅದೇ ಧೈರ್ಯದಲ್ಲಿ ಒಂಬತ್ತು ಸುಳ್ಳು ಟಿಕ್ಕುಗಳ ವಿಷಯವನ್ನೂ ಒಪ್ಪಿಕೊಂಡೆ. ಸರ್ ಏನೂ ಅನ್ನಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, “ಸರಿ, ಓದಪ್ಪ, ಕೇಳ್ತೀನಿ” ಎಂದರು.

ವಾಚಕರು ಇಲ್ಲಿ ದೊಡ್ಡ ಮೋಸವೊಂದು ಬಯಲಾಯಿತೆಂದು ನಿರೀಕ್ಷಿಸಬಾರದು. ಹೆಬ್ಬೆಟ್ಟಿನ ಸಾಲದ ಜಾಮೀನು ಪತ್ರ ಬೇರೊಂದು ಕಟ್ಟಿನಲ್ಲಿ ಸಿಕ್ಕಿತು. ಆದರೆ ನಾನು ಬಿಚ್ಚದೆ ಟಿಕ್ಕು ಹಾಕಿದ್ದ ಒಂಬತ್ತರಲ್ಲಿ ಎರಡಕ್ಕೆ ಆಡಳಿತ ಮಂಡಳಿಯ ಠರಾವೇ ಇರಲಿಲ್ಲ. ಅದನ್ನು ವರದಿಯಲ್ಲಿ ಬರೆಯಬೇಕಾಯಿತು. ನನ್ನ ಪೆನ್ಸಿಲು ಅವೆರಡನ್ನೂ ಸರಿ ಎಂದು ಹೇಳಿಬಿಟ್ಟಿತ್ತು! ಆ ರಾತ್ರಿ ಬಸ್ಸು ತಪ್ಪಿತು. ಸರ್ ತಾವೇ ಅಕ್ಕನ ತಂದೆಗೆ ಫೋನು ಮಾಡಿ, ಗುರುತಿನ ಆಟೋದವರನ್ನು ಕರೆಸಿ ನಮ್ಮನ್ನು ಕಳಿಸಿದರು. ಮರುದಿನ ಪಾಲುದಾರರ ಬಳಿ ಇನ್ನೆರಡು ದಿನ ಕೇಳಿದರು. ಅವರು ಗೊಣಗಿ ಒಂದು ದಿನ ಕೊಟ್ಟರು. ಅಕ್ಕ ಒಂದು ವಾರ ನನ್ನೊಡನೆ ಮಾತನಾಡಲಿಲ್ಲ. ಆಮೇಲೆ ಒಂದು ಸಂಜೆ ಬಸ್ಸಿನಲ್ಲಿ, “ಈ ಸಲ ಹಾಳೆಯಲ್ಲಿ ನಿಜವಾದ ಗಂಟೆ ಬರೆದೆ ಕಣೋ” ಎಂದರು.

ಪರಿಹಾರಗಳು ಕಠಿಣವೇನಲ್ಲ. ನಿಜವಾದ ಗಂಟೆ ಬರೆದವರನ್ನು ಹೀಯಾಳಿಸದಿರುವುದು, ಪ್ರತಿದಿನ ಸಂಜೆ ಅರ್ಧ ಗಂಟೆ ಸಂಶಯಗಳಿಗೆಂದೇ ಮೀಸಲಿಡುವುದು, ನೋಡಲಾಗದ ಕಡತವನ್ನು ‘ನೋಡಿಲ್ಲ’ ಎಂದು ಬರೆಯಲು ಅವಕಾಶ ಕೊಡುವುದು, ಕಡತ ತಡಮಾಡಿ ಕೊಟ್ಟ ಕಕ್ಷಿದಾರರಿಗೆ ದಿನವನ್ನು ಮುಂದಕ್ಕೆ ಹಾಕುವ ಧೈರ್ಯ ಪಾಲುದಾರರಿಗೆ ಬರುವುದು. ಕೆಳಗಿನವರಿಗೆ ದಾರಿ ತೋರಿ, ಮೇಲ್ವಿಚಾರಣೆ ಮಾಡಿ, ಅವರ ಕೆಲಸವನ್ನು ಪರಿಶೀಲಿಸುವ ಹೊಣೆ ಸಹಿ ಮಾಡುವವರದೇ ಎಂದು 220ನೆಯ ಮಾನಕವೂ ಹೇಳುತ್ತದೆ. ನಿಯಮ ಕಾಗದದಲ್ಲಿದೆ. ಅದು ಮೇಜಿನ ಬಳಿಗೆ ಬರಬೇಕಾಗಿದೆ.

ನಮ್ಮಲ್ಲಿ ಅನೇಕರು ಪದವಿ ಮುಗಿಸಿ ಸಿಬ್ಬಂದಿ ನೇಮಕಾತಿ ಆಯೋಗದ ಪರೀಕ್ಷೆಗೆ ಕೂರುವವರಿದ್ದೇವೆ. ಯಾವುದೇ ಪದವಿ ಪಡೆದವರೂ ಆ ದಾರಿಯಿಂದ ಮಹಾಲೇಖಪಾಲರ ಕಚೇರಿಯಲ್ಲಿ ಆಡಿಟರ್ ಆಗಬಹುದು. ಆಡಿಟರ್, ಸೀನಿಯರ್ ಆಡಿಟರ್, ಸಹಾಯಕ ಆಡಿಟ್ ಅಧಿಕಾರಿ ಎಂಬ ಏಣಿ ಅಲ್ಲಿಯೂ ಇದೆ. ನಾನೂ ಅರ್ಜಿ ಹಾಕಬೇಕೆಂದಿದ್ದೇನೆ. ಇಂದು ಕಿರಿಯರಾಗಿ ಸೇರುವ ನಾವು ನಾಳೆ ಹಿರಿಯರಾಗುವುದು ಖಂಡಿತ. ಆಗ ಯಾವ ಬಗೆಯ ಅತ್ತೆಯಾಗುತ್ತೇವೆ ಎಂಬುದನ್ನು ಇಂದೇ ಯೋಚಿಸುವುದು ಒಳ್ಳೆಯದು.

ಆಡಿಟರ್ ಎಂದರೆ ಕೇಳುವವನು ಎಂದು ಮೊದಲೇ ಹೇಳಿದೆನಷ್ಟೆ. ನಮ್ಮ ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಮಾತಿಗೆ ಎರಡು ಅರ್ಥ. ಪ್ರಶ್ನಿಸುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಕಿರಿಯನು ಅಂಜದೆ ಕೇಳಬೇಕು, ಹಿರಿಯನು ಬೇಸರಿಸದೆ ಕೇಳಬೇಕು. ಇವೆರಡೂ ಕೂಡಿದಾಗ ಮಾತ್ರ ಟಿಕ್ಕು ಟಿಕ್ಕಾಗುತ್ತದೆ, ರುಜು ರುಜುವಾಗುತ್ತದೆ. ಸಂತೆಬೀದಿಯಲ್ಲಿ ಸೊಪ್ಪಿನ ಬುಟ್ಟಿಯ ಹಿಂದೆ ಕುಳಿತು, ಓದಲಾರದ ಚೀಟಿಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಳ್ಳುವ ತಾಯಂದಿರು ನಂಬಿರುವುದು ಆ ರುಜುವನ್ನೇ.